ಮಾತು ಕೊಟ್ಟ ಪ್ಲೇಸ್‌ಮೆಂಟ್ ಎಲ್ಲಿ, ಕುಲಪತಿಗಳೇ?

ಮಾನ್ಯ ಕುಲಪತಿಗಳೇ,

ಇಂಗ್ಲೆಂಡಿನ ನಿಮ್ಮ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ಪತ್ರಿಕೋದ್ಯಮದ ಎಂ.ಎ. ಓದುತ್ತಿರುವ ಭಾರತೀಯ ವಿದ್ಯಾರ್ಥಿ ನಾನು. ವಿಭಾಗಕ್ಕೆ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ, ಕೊನೆಗೆ ದೂರು ಸಮಿತಿಗೂ ಬರೆದಾಯಿತು. ಎಲ್ಲ ಕಡೆಯಿಂದ ಬಂದದ್ದು ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಇದನ್ನು ಕನ್ನಡದಲ್ಲೂ ಬರೆಯುತ್ತಿರುವುದೇಕೆಂದರೆ, ವಿದ್ಯಾರ್ಥಿಗಳನ್ನು ಹುಡುಕಿಕೊಂಡು ನಿಮ್ಮವರು ಬರುವುದು ಬೆಂಗಳೂರಿಗೆ. ಓದಬೇಕಾದ ತಂದೆ ತಾಯಿಗಳು ಇರುವುದೂ ಅಲ್ಲೇ.

ಬೆಂಗಳೂರಿನಲ್ಲಿ ನಿಮ್ಮವರು ಬಂದಿದ್ದ ಶಿಕ್ಷಣ ಮೇಳದಲ್ಲಿ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಪೇಪರ್ ಆಫೀಸಿನಲ್ಲಿ ಕೆಲಸ ಕಲಿಯೋಕೆ ಬಿಡ್ತೀರಾ?’ ನಿಮ್ಮ ಪ್ರತಿನಿಧಿ ಕೈಪಿಡಿ ತೆರೆದು ತೋರಿಸಿದರು. ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಪ್ಲೇಸ್‌ಮೆಂಟ್, ಅದಕ್ಕೆ ಅಂಕವೂ ಉಂಟು. ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದೂ ಕೊಟ್ಟರು. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದದ್ದು ಆ ಗೆರೆಯನ್ನು ನಂಬಿ.

ಏಪ್ರಿಲ್‌ನಲ್ಲಿ ಕೌಂಟಿ ಪಂದ್ಯಗಳು ಶುರುವಾದಾಗ ಇಲ್ಲಿನ ಸಹಪಾಠಿಗಳು ಪ್ರೆಸ್ ಬಾಕ್ಸಿಗೆ ಹೋದರು. ಹೊರದೇಶದವರಾದ ನಮಗೆ ಬಂದದ್ದು ಇ–ಮೇಲ್: ವೀಸಾ ಕಾರಣದಿಂದ ಪ್ಲೇಸ್‌ಮೆಂಟ್ ಇಲ್ಲ, ಬದಲಿಗೆ ಪ್ರಬಂಧ ಬರೆಯಿರಿ. 1995ರಲ್ಲಿ ನಮ್ಮ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್ ಕಿತ್ತದ್ದು ಈ ಕೌಂಟಿ ಕ್ರಿಕೆಟ್ಟಿನಲ್ಲೇ. ಆ ಕ್ರಿಕೆಟ್ಟನ್ನು ವರದಿ ಮಾಡುವ ಆಸೆಯಿಂದ ಬಂದ ನಾನು ಟಿಕೆಟ್ ಕೊಂಡು ಸ್ಟ್ಯಾಂಡಿನಲ್ಲಿ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ಬರೆದೆ. ಆ ವರದಿಗಳನ್ನು ತಿದ್ದುವವರಿಲ್ಲ. ನಿಮಿಷಕ್ಕೆ 100 ಪದ ಹಿಡಿಯುವಂತೆ ಶೀಘ್ರಲಿಪಿ ಕಲಿಸಿದವರು ನೀವೇ. ಕ್ಯಾಪ್ಟನ್ ಮಾತಾಡುವ ಕೋಣೆಗೇ ಪ್ರವೇಶವಿಲ್ಲದವನು ಯಾರ ಮಾತನ್ನು ಬರೆದುಕೊಳ್ಳಲಿ?

ವೀಸಾ ನಿಯಮ ಓದಿಕೊಂಡೇ ಬರೆಯುತ್ತಿದ್ದೇನೆ. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಸ್ವಂತ ಉದ್ಯೋಗ ಕೂಡದು. ಅಂದರೆ ವರದಿಗಿಷ್ಟು ಎಂದು ದುಡ್ಡು ಪಡೆಯುವ ಫ್ರೀಲಾನ್ಸ್ ಬರವಣಿಗೆ ನಮಗೆ ನಿಷಿದ್ಧ. ಈ ವೃತ್ತಿಗೆ ಎಷ್ಟೋ ಜನ ಕಾಲಿಡುವುದೇ ಆ ದಾರಿಯಿಂದ. ಅದನ್ನು ಮುಚ್ಚಿದ್ದು ಸರ್ಕಾರ, ನಿಮ್ಮನ್ನು ದೂರುವುದಿಲ್ಲ. ಆದರೆ ಕೋರ್ಸಿನ ಭಾಗವಾಗಿ ಅಂಕ ಕೊಡುವ ಪ್ಲೇಸ್‌ಮೆಂಟಿಗೆ ಅದೇ ನಿಯಮದಲ್ಲಿ ಅವಕಾಶವಿದೆ! ನೀವು ಮಾಡಬೇಕಾದದ್ದು ಅದರ ಉಸ್ತುವಾರಿ, ಒಂದಿಷ್ಟು ಕಾಗದಪತ್ರ. ಅಷ್ಟು ಮಾಡಲು ಮನಸ್ಸಿಲ್ಲದೆ ತಪ್ಪನ್ನು ವೀಸಾದ ತಲೆಗೆ ಕಟ್ಟಿದ್ದೀರಿ.

ಶುಲ್ಕ ವಸೂಲಿಯಲ್ಲಿ ಸ್ಥಳೀಯರಿಗಿಂತ ನಾವು ಮೇಲೆ, ಕಲಿಸುವಾಗ ಕೆಳಗೆ. ಇದೆಂಥ ನ್ಯಾಯ? ನಮ್ಮನ್ನು ಕರೆತಂದ ಏಜೆಂಟರಿಗೆ ಕಮಿಷನ್ ಕೊಡಲು ಹಣವಿದೆ, ನಮಗಾಗಿ ಪತ್ರಿಕೆಯವರಿಗೊಂದು ಕಾಗದ ಬರೆಯಲು ಪುರುಸೊತ್ತಿಲ್ಲ. ಓದು ಮುಗಿದ ಮೇಲೆ ಈ ದೇಶದಲ್ಲಿ ಉಳಿಯಲು ಸಿಗುತ್ತಿದ್ದ ಎರಡು ವರ್ಷವೂ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯಲಿದೆ. ಮುಂದೆ ಬರುವವರು ಪ್ರಬಂಧ ಹಿಡಿದು ಯಾವ ಸಂಪಾದಕರ ಮುಂದೆ ನಿಲ್ಲಬೇಕು?

ಕೈಪಿಡಿಯಲ್ಲಿ ಬರೆದ ಪ್ಲೇಸ್‌ಮೆಂಟನ್ನು ಈ ಋತು ಮುಗಿಯುವುದರೊಳಗೆ ಕೊಡಿಸಿ, ಇಲ್ಲವೇ ಅದರ ಪಾಲಿನ ಶುಲ್ಕ ವಾಪಸ್ ಮಾಡಿ. ಕೊಡಿಸಲು ಆಗದಿದ್ದರೆ ಮುಂದಿನ ಬೆಂಗಳೂರು ಮೇಳಕ್ಕೆ ಮೊದಲೇ ಆ ಸಾಲನ್ನು ತೆಗೆಸಿ. ಉತ್ತರ ನನಗೊಬ್ಬನಿಗೆ ಬೇಡ, ತರಗತಿಯ ಹೊರದೇಶದ ವಿದ್ಯಾರ್ಥಿಗಳೆಲ್ಲರಿಗೂ ನಿಮ್ಮ ಸಹಿಯೊಂದಿಗೆ ಲಿಖಿತವಾಗಿ ಬರಲಿ.

ಇತಿ,
ಚನ್ನಗಿರಿ ತಾಲ್ಲೂಕಿನ ನಿಮ್ಮ ವಿದ್ಯಾರ್ಥಿ