ವರವು ಕಾವಲ್: ಸಿದ್ಧಾಂತಗಳು ನೆಲಕ್ಕಿಳಿದಾಗ

ಉದಾರವಾದ, ಸಮಾಜವಾದ, ಸಂಪ್ರದಾಯವಾದ, ರಾಷ್ಟ್ರವಾದ. ಪಠ್ಯಪುಸ್ತಕದಲ್ಲಿ ಇವು ಪರಸ್ಪರ ಎದುರಾಳಿಗಳು. ನೆಲಕ್ಕಿಳಿದಾಗ ಇವುಗಳ ಗತಿ ಏನೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಸಾಕ್ಷಿಯಾಗಿದೆ.

ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ ಇದೂ ಒಂದು. ಸುತ್ತಲಿನ ಹಳ್ಳಿಗಳ ದನ-ಕುರಿಗಳಿಗೂ ಇದೇ ಆಸರೆ. 2007ರ ನಂತರದ ಕೆಲವೇ ವರ್ಷಗಳಲ್ಲಿ ಈ ಭಾಗದ ಸುಮಾರು 10 ಸಾವಿರ ಎಕರೆ ಕಾವಲು ಭೂಮಿ ವಿವಿಧ ಸಂಸ್ಥೆಗಳ ಪಾಲಾಯಿತು. ವರವು ಕಾವಲ್‌ನ 4,290 ಎಕರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಹೋಯಿತು.

ರಾಷ್ಟ್ರವಾದಿಯ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. 2017ರಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನ ಇದರ ಓಡುಹಾದಿಯಲ್ಲಿಯೇ ಇಳಿಯಿತು. ಆದರೆ ಪರಂಪರೆಯನ್ನು ಕಾಯಬೇಕೆನ್ನುವ ಸಂಪ್ರದಾಯವಾದಿ ಎಲ್ಲಿದ್ದ? 2010ರಲ್ಲಿ ಜಾನುವಾರು ಹತ್ಯೆ ನಿಷೇಧ ಮಸೂದೆಗೆ ಅಂಗೀಕಾರ ಪಡೆದ ಭಾರತೀಯ ಜನತಾ ಪಕ್ಷದ ಸರ್ಕಾರದ ಅವಧಿಯಲ್ಲಿಯೇ ಈ ಹಳೆಯ ಕಾವಲು ಕೈತಪ್ಪುತ್ತಿತ್ತು. ಬಡವರ ಪರವೆಂದು ಹೇಳಿಕೊಳ್ಳುತ್ತಿದ್ದ ಕಾಂಗ್ರೆಸ್ ಆಗ ಕೇಂದ್ರದಲ್ಲಿ ಅಧಿಕಾರದಲ್ಲಿತ್ತು. ಭೂಮಿ ಪಡೆದ ಪ್ರಮುಖ ಸಂಸ್ಥೆಗಳು ಕೇಂದ್ರದವೇ.

ಉದಾರವಾದ ವ್ಯಕ್ತಿಯ ಆಸ್ತಿಹಕ್ಕನ್ನು ಕಾಯುತ್ತದೆ. ಆದರೆ ಕಾವಲಿಗೆ ಪಟ್ಟಾ ಇಲ್ಲ. ಮೇಯಿಸುವವನ ಹಕ್ಕು ರೂಢಿಯಲ್ಲಿದೆ, ಪಹಣಿಯಲ್ಲಿಲ್ಲ. ಪರಿಹಾರ ಕೇಳಲು ಅವನ ಬಳಿ ಕಾಗದವೇ ಇಲ್ಲ. ಸಮಾಜವಾದ ಸಾಮೂಹಿಕ ಒಡೆತನವನ್ನು ಒಪ್ಪುತ್ತದಾದರೂ, 'ಸಮುದಾಯದ್ದು' ಎಂಬುದನ್ನು 'ಸರ್ಕಾರದ್ದು' ಎಂದೇ ಓದಿಕೊಳ್ಳುವ ರೂಢಿ ಅದಕ್ಕೂ ಅಂಟಿದೆ. ಎರಡೂ ಸಿದ್ಧಾಂತಗಳ ನಡುವಿನ ಈ ಸಂದಿಯಲ್ಲಿಯೇ ಹುಲ್ಲುಗಾವಲು ಕರಗಿತು.

ಉಳಿದದ್ದು ಪರಿಸರವಾದ. ಹಳ್ಳಿಗರು ಹಾಗೂ ಪರಿಸರ ಕಾರ್ಯಕರ್ತರು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಷರತ್ತುಗಳನ್ನು ವಿಧಿಸಿತೇ ಹೊರತು ಯೋಜನೆಗಳನ್ನು ರದ್ದುಗೊಳಿಸಲಿಲ್ಲ.

ಪಕ್ಷಗಳ ಬಾವುಟ ಬೇರೆ, ಪ್ರಣಾಳಿಕೆ ಬೇರೆ. 'ಅಭಿವೃದ್ಧಿ' ಎಂಬ ಒಂದೇ ಪದದ ಮುಂದೆ ಅವೆಲ್ಲ ಒಂದಾದದ್ದು ಆಕಸ್ಮಿಕವಲ್ಲ. ಕುರಿಗಾಹಿಯ ಮತ ಚದುರಿದೆ, ಯೋಜನೆಯ ಕೀರ್ತಿ ಒಂದೆಡೆ ಕೇಂದ್ರೀಕೃತವಾಗಿದೆ. ಆದುದರಿಂದ ಮತದಾರ ಅಭ್ಯರ್ಥಿಯನ್ನು 'ನಿಮ್ಮ ಸಿದ್ಧಾಂತ ಯಾವುದು' ಎಂದು ಕೇಳಿದರೆ ಸಾಲದು. 'ಪಹಣಿಯಲ್ಲಿ ಹೆಸರಿಲ್ಲದವನ ಹಕ್ಕನ್ನು ನಿಮ್ಮ ಸಿದ್ಧಾಂತ ಎಲ್ಲಿ ಬರೆದಿಡುತ್ತದೆ' ಎಂದೂ ಕೇಳಬೇಕು.