ಹಣ ಹರಿದರೂ ಕರಗದ ಸರದಿ

ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆಗಾಗಿ ಕಾದಿರುವ ಪ್ರಕರಣಗಳ ಸಂಖ್ಯೆ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತ್ತು. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ.

2000ದ ದಶಕದಲ್ಲಿ ಟೋನಿ ಬ್ಲೇರ್ ಸರಕಾರ ಅನುದಾನ ಹೆಚ್ಚಿಸಿದ್ದಲ್ಲದೆ, ನೀಡಿದ ಚಿಕಿತ್ಸೆಯ ಲೆಕ್ಕದಂತೆ ಆಸ್ಪತ್ರೆಗಳಿಗೆ ಹಣ ಪಾವತಿಸುವ ಪದ್ಧತಿಯನ್ನು ತಂದಿತು. ಕಾಯುವ ಅವಧಿಗೆ ಗಡುವನ್ನೂ ವಿಧಿಸಿತು. ಸರದಿ ಕರಗಿತು.

2024ರ ಸೆಪ್ಟೆಂಬರಿನಲ್ಲಿ ಬಂದ ಲಾರ್ಡ್ ಡಾರ್ಜಿ ವರದಿಯ ಚಿತ್ರವೇ ಬೇರೆ. ಆಸ್ಪತ್ರೆಗಳಲ್ಲಿ ಸಿಬ್ಬಂದಿ ಹೆಚ್ಚಿದರೂ ಚಿಕಿತ್ಸೆ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. ಮನೆಗೆ ಮರಳಬಲ್ಲವರಿಗೂ ಅಲ್ಲಿ ಆರೈಕೆಯ ಏರ್ಪಾಡಿಲ್ಲದೆ ಹಾಸಿಗೆಗಳು ತೆರವಾಗುತ್ತಿಲ್ಲ. ಹಾಸಿಗೆಯಿಲ್ಲದೆ ಶಸ್ತ್ರಚಿಕಿತ್ಸೆ ಮುಂದೂಡಲ್ಪಡುತ್ತದೆ.

ಅದೇ ಅಕ್ಟೋಬರಿನ ಬಜೆಟ್ ಆರೋಗ್ಯಕ್ಕೆ ಎರಡು ವರ್ಷಗಳಲ್ಲಿ 2,260 ಕೋಟಿ ಪೌಂಡ್ ಹೆಚ್ಚುವರಿಯಾಗಿ ಒದಗಿಸಿತು. ಆಸ್ಪತ್ರೆಯಾಚೆಗಿನ ಆರೈಕೆಗೂ ತಕ್ಕ ಪಾಲು ಸಲ್ಲದಿದ್ದರೆ, ಎಷ್ಟು ಹಣ ಸುರಿದರೂ ಸರದಿ ಕರಗದು.