ಹಸೀನಾಳಿಗೆ ಅತ್ತವರು, ಗುಲಾಬಿಗೆ ಅತ್ತವರು

ಗಿರೀಶ್ ಕಾಸರವಳ್ಳಿಯವರ 'ಹಸೀನಾ' 2004ರ ಚಿತ್ರ. ಎರಡು ದಶಕಗಳು ಕಳೆದವು. ಆದರೆ ಕೊಡಗಿನ ನಮ್ಮ ಜನರ ನಡುವೆ ಆ ಚಿತ್ರದ ತಕರಾರು ಇನ್ನೂ ಮುಗಿದಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ ಕುಳಿತಾಗಲೋ, ಸಂಜೆ ಹೋಟೆಲಿನ ಬೆಂಚಿನ ಮೇಲೋ ಸಿನಿಮಾದ ಮಾತು ಎದ್ದರೆ ಸಾಕು, "ಆ ಕಾಸರವಳ್ಳಿಗೆ ನಮ್ಮ ಮನೆಯ ಗೋಳೇ ಬೇಕಿತ್ತಾ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ನೀವು ಚಿತ್ರ ನೋಡಿದ್ದೀರಾ?" ಎಂದು ನಾವು ತಿರುಗಿ ಕೇಳಿದರೆ, "ನೋಡುವುದೇನು, ಗೊತ್ತಿರುವುದೇ ಅಲ್ಲವೇ" ಎಂಬ ಉತ್ತರ ಬರುತ್ತದೆ. 'ಗೊತ್ತಿರುವುದೇ' ಎಂಬ ಆ ಮಾತಿನಲ್ಲಿ ಎಷ್ಟು ದೊಡ್ಡ ಒಪ್ಪಿಗೆ ಅಡಗಿದೆ ಎಂಬುದು ಹೇಳಿದವರಿಗೆ ಹೊಳೆಯುವುದಿಲ್ಲ.

ನಾವು ಆ ಚಿತ್ರವನ್ನು ಟಾಕೀಸಿನಲ್ಲಿ ನೋಡಲಿಲ್ಲ. ಸುಂಟಿಕೊಪ್ಪದ ನಮ್ಮ ಖಾಲಾ ಮನೆಯಲ್ಲಿ, ಗೆಳೆಯನೊಬ್ಬ ತಂದುಕೊಟ್ಟ ಸಿ.ಡಿ. ಹಾಕಿ, ಮಳೆಗಾಲದ ಒಂದು ರಾತ್ರಿ ನೋಡಿದೆವು. ಚಿತ್ರ ಮುಗಿದಾಗ ಯಾರೂ ಮಾತಾಡಲಿಲ್ಲ. ಖಾಲಾ ಎದ್ದು ಅಡುಗೆಮನೆಗೆ ಹೋದರು. ಕೊನೆಗೆ ಖಾಲು, "ಇದನ್ನೆಲ್ಲ ಹೊರಗಿನವರು ನೋಡಿದರೆ ಏನಂದುಕೊಂಡಾರು?" ಎಂದರು. ಒಳಗಿನಿಂದ ಖಾಲಾ ದನಿ ಬಂತು: "ಹೊರಗಿನವರ ಮಾತು ಹಾಗಿರಲಿ. ಒಳಗಿನವರು ನೋಡಿದಿರಲ್ಲ, ನೀವು ಏನಂದುಕೊಂಡಿರಿ?" ಖಾಲು ಉತ್ತರ ಕೊಡಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಸಮುದಾಯವೂ ಕೊಟ್ಟಿಲ್ಲ.

ಚಿತ್ರದಲ್ಲಿ ಇರುವುದಾದರೂ ಏನು? ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆ ಅದಕ್ಕೆ ಆಧಾರ. ಆಟೋ ಓಡಿಸುವ ಯಾಕೂಬ್ ಗಂಡುಮಗುವಿನ ಆಸೆಯಿಂದ, ಹೆಣ್ಣುಮಕ್ಕಳನ್ನೇ ಹೆತ್ತ ಹೆಂಡತಿಯನ್ನು ಕೈಬಿಟ್ಟು ಬೇರೆ ಮದುವೆಯಾಗುತ್ತಾನೆ. ಕಾಯಿಲೆಯ ಮಗುವನ್ನು ಕಟ್ಟಿಕೊಂಡು ಹಸೀನಾ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ. ನ್ಯಾಯ ಸಿಗದಾಗ ಮಸೀದಿಯ ಮುಂದೆ ಕೂರುತ್ತಾಳೆ. ಮಗು ಸಾಯುತ್ತದೆ. ಹಸೀನಾ ಧರ್ಮದ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಧರ್ಮ ತನಗೆ ಕೊಟ್ಟಿರುವ ಹಕ್ಕನ್ನು ಕೊಡಿಸಿ ಎನ್ನುತ್ತಾಳೆ, ಅಷ್ಟೆ. ಗಂಡನ ಮೇಲೆ ದೂರು ಹೊತ್ತು ಪ್ರವಾದಿಯವರ ಮುಂದೆ ವಾದಿಸಿದ ಖೌಲಾ ಬಿಂತ್ ಸಅಲಬಾ ಅವರ ಪ್ರಸಂಗ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಕುರ್‌ಆನಿನ 58ನೇ ಅಧ್ಯಾಯಕ್ಕೆ 'ವಾದಿಸುವ ಹೆಣ್ಣು' ಎಂಬ ಅರ್ಥದ ಹೆಸರೇ ಇದೆ. ಆ ಹೆಣ್ಣಿನ ದೂರು ಆಕಾಶಕ್ಕೆ ಕೇಳಿಸಿತು ಎಂದು ನಂಬುವ ನಮಗೆ, ಮಸೀದಿಯ ಮೆಟ್ಟಿಲ ಬಳಿ ಕುಳಿತ ಹೆಣ್ಣಿನ ದೂರು ಮಾನ ಕಳೆಯುವ ಸಂಗತಿಯಾಗಿ ಕಂಡದ್ದು ಹೇಗೆ?

ಕೊಡಗಿನಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. ಇಲ್ಲಿ ಮುಸ್ಲಿಮರೆಂದರೆ ಒಂದೇ ಬಗೆಯವರಲ್ಲ. ಮಲಯಾಳ ಆಡುವ ಮಾಪಿಳ್ಳೆಗಳಿದ್ದಾರೆ, ಬ್ಯಾರಿಗಳಿದ್ದಾರೆ, ಕೊಡವ ತಕ್ಕ್ ಮಾತಾಡುವ ಕೊಡವ ಮಾಪಿಳ್ಳೆಗಳಿದ್ದಾರೆ, ನಮ್ಮಂತೆ ಮನೆಯಲ್ಲಿ ದಖನಿ ಉರ್ದು ಆಡುವವರಿದ್ದಾರೆ. 'ಹಸೀನಾ' ನೋಡಿದ ಮಲಯಾಳ ಮಾತಿನ ಗೆಳೆಯರು, "ಇದು ನಿಮ್ಮ ಬಯಲುಸೀಮೆಯ ಉರ್ದುವಾಲಾಗಳ ಕತೆ, ನಮ್ಮ ಮಹಲ್ಲುಗಳಲ್ಲಿ ಇಂಥದ್ದು ನಡೆಯುವುದಿಲ್ಲ" ಎಂದರು. ನಾಲ್ಕು ವರ್ಷಗಳ ನಂತರ, 2008ರಲ್ಲಿ, ಅದೇ ನಿರ್ದೇಶಕರ 'ಗುಲಾಬಿ ಟಾಕೀಸ್' ಬಂತು. ಅದರಲ್ಲಿ ಕರಾವಳಿಯ ಮೂಸಾ ಗುಲಾಬಿಯನ್ನು ತೊರೆದು ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಆಗ ನಮ್ಮ ಉರ್ದು ಮೊಹಲ್ಲಾದವರ ಸರದಿ: "ನೋಡಿದಿರಾ, ಕರಾವಳಿಯವರ ಹಣೆಬರಹ!" ತನ್ನ ಮನೆಯ ಬಾಗಿಲು ಮುಚ್ಚಿ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕುವ ಈ ಚಟ ನಮ್ಮಲ್ಲಿ ಭಾಷೆ ಮೀರಿದ ಏಕತೆಯನ್ನು ಸಾಧಿಸಿದೆ ಎನ್ನಬೇಕು.

ಇದು ನಮ್ಮವರ ಪಾಡು. ಇನ್ನು ಉಳಿದ ಪ್ರೇಕ್ಷಕರು? 'ಹಸೀನಾ' ನೋಡಿ ನಮ್ಮ ಮುಸ್ಲಿಮೇತರ ಗೆಳೆಯರಲ್ಲಿ ಹಲವರು ಕಣ್ಣೀರು ಒರೆಸಿಕೊಂಡರು. ಅವರ ಕಣ್ಣೀರು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಕಣ್ಣೊರೆಸಿಕೊಂಡ ನಂತರ ಅವರಲ್ಲಿ ಕೆಲವರು ಕೇಳಿದ ಪ್ರಶ್ನೆ ನಮ್ಮ ಕಿವಿಯಲ್ಲಿ ಇನ್ನೂ ಇದೆ: "ನಿಮ್ಮಲ್ಲಿ ಹೀಗೆಯೇ ಅಲ್ಲವೇ?" ಒಬ್ಬ ಯಾಕೂಬನ ಹೊಣೆಗೇಡಿತನವನ್ನು ಇಡೀ ಸಮುದಾಯದ ನಡತೆಯ ಪ್ರಮಾಣಪತ್ರವನ್ನಾಗಿ ಮಾಡಿಕೊಂಡ ಪ್ರಶ್ನೆ ಅದು. ಗಂಡುಮಗುವಿಗಾಗಿ ಹೆಣ್ಣನ್ನು ಹಿಂಸಿಸುವ ರೋಗ ಯಾವ ಜಾತಿಯಲ್ಲಿ ಇಲ್ಲ? ಭ್ರೂಣಲಿಂಗ ಪತ್ತೆಯನ್ನು ತಡೆಯಲು ದೇಶ 1994ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದು ನಮ್ಮ ಮೊಹಲ್ಲಾಗಳಿಗಾಗಿ ಮಾತ್ರವೇ?

ಸರ್ಕಾರವೂ ಈ ಚಿತ್ರವನ್ನು ತನಗೆ ಬೇಕಾದಂತೆಯೇ ಓದಿತು. 2004ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ತಾರಾ ಶ್ರೇಷ್ಠ ನಟಿಯಾದರು, ಸಂತೋಷ. ಆದರೆ ಚಿತ್ರಕ್ಕೆ ಸಿಕ್ಕಿದ್ದು ಯಾವ ಪ್ರಶಸ್ತಿ? ಕುಟುಂಬ ಕಲ್ಯಾಣದ ಶ್ರೇಷ್ಠ ಚಿತ್ರ! ಬಾನು ಅವರ ಕತೆಯಲ್ಲಿ ಮುತವಲ್ಲಿಯ ಹೆಂಡತಿ ಆಪರೇಶನ್ ಮಾಡಿಸಿಕೊಳ್ಳಲು ಹೊರಡುವುದುಂಟು. ಅದು ಗಂಡನ ಅಪ್ಪಣೆ ಮೀರಿ ತನ್ನ ಮೈಯ ಮೇಲೆ ತನ್ನ ಹಕ್ಕು ಸ್ಥಾಪಿಸುವ ಹೆಣ್ಣಿನ ನಡಿಗೆ, ಆರೋಗ್ಯ ಇಲಾಖೆಯ ಗುರಿ ತಲುಪಿಸುವ ನಡಿಗೆಯಲ್ಲ. ನ್ಯಾಯದ ಕತೆ ಪ್ರಶಸ್ತಿ ಪಟ್ಟಿಯಲ್ಲಿ ಜನಸಂಖ್ಯೆಯ ಕತೆಯಾಯಿತು. ಮುಸ್ಲಿಂ ಹೆಣ್ಣು ಎಂದ ಕೂಡಲೇ ಮಕ್ಕಳ ಲೆಕ್ಕ ಹಾಕುವ ಮನಸ್ಸು ಬಹಳ ಹಳೆಯದು.

ಈಗ 'ಗುಲಾಬಿ ಟಾಕೀಸ್'ಗೆ ಬರೋಣ. ವೈದೇಹಿಯವರ ಕತೆಯ ಲಿಲ್ಲಿಬಾಯಿಯನ್ನು ಕಾಸರವಳ್ಳಿಯವರು ತೆರೆಯ ಮೇಲೆ ಮುಸ್ಲಿಂ ಸೂಲಗಿತ್ತಿ ಗುಲಾಬಿಯನ್ನಾಗಿ ಬದಲಿಸಿದರು. ಉಮಾಶ್ರೀ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಸಿನಿಮಾ ಹುಚ್ಚಿನ ಗುಲಾಬಿಯ ಗುಡಿಸಲಿಗೆ ಟಿ.ವಿ. ಬರುತ್ತದೆ. ಕೇರಿಯ ಹೆಂಗಸರು ಅಲ್ಲಿ ನೆರೆಯುತ್ತಾರೆ. ಅಷ್ಟರಲ್ಲಿ ಮೀನುಗಾರಿಕೆಯ ಪೈಪೋಟಿ, ಅದಕ್ಕೆ ಬೆಸೆದುಕೊಂಡ 1999ರ ಕಾರ್ಗಿಲ್ ಯುದ್ಧದ ಕಾಲದ ದ್ವೇಷ, ಕೇರಿಯ ಹೆಣ್ಣೊಬ್ಬಳು ಕಾಣೆಯಾದ ಅಪವಾದ, ಎಲ್ಲ ಸೇರಿ ಗುಲಾಬಿಯ ಮನೆ ನುಚ್ಚುನೂರಾಗುತ್ತದೆ. ಅವಳನ್ನು ಊರಿನಿಂದ ಹೊರಗಟ್ಟುತ್ತಾರೆ.

ಈ ಚಿತ್ರಕ್ಕೆ ಪ್ರತಿಕ್ರಿಯೆ ತಲೆಕೆಳಗಾಯಿತು. 'ಹಸೀನಾ'ಕ್ಕೆ ಮುಖ ತಿರುಗಿಸಿದ್ದ ನಮ್ಮವರು, "ಈಗ ನೋಡಿ, ಸತ್ಯ ತೋರಿಸಿದ್ದಾನೆ" ಎಂದರು. ಹಸೀನಾಳಿಗೆ ಅತ್ತಿದ್ದ ಗೆಳೆಯರಲ್ಲಿ ಕೆಲವರು, "ಮೊದಲರ್ಧ ಚೆನ್ನಾಗಿತ್ತು, ಆಮೇಲೆ ಯಾಕೋ ಕೋಮುವಾದ ತುರುಕಿದರು" ಎಂದು ಗೊಣಗಿದರು. ಒಬ್ಬನೇ ನಿರ್ದೇಶಕ, ಅದೇ ಕ್ಯಾಮೆರಾ ಕಣ್ಣು, ಅದೇ ಒಂಟಿ ಹೆಣ್ಣಿನ ಮೇಲಿನ ಅದೇ ಕಕ್ಕುಲಾತಿ. ಬದಲಾದದ್ದು ಕಟಕಟೆಯಲ್ಲಿ ನಿಂತವರು ಮಾತ್ರ. ಮೊದಲ ಚಿತ್ರದಲ್ಲಿ ನಾವು ನಿಂತಿದ್ದೆವು, ಎರಡನೆಯದರಲ್ಲಿ ಅವರು. ನಾವು ಹೇಳುವುದು ಇಷ್ಟೇ: ಹಸೀನಾಳಿಗೆ ಅತ್ತು ಗುಲಾಬಿಗೆ ಅಳದವನೂ, ಗುಲಾಬಿಗೆ ಅತ್ತು ಹಸೀನಾಳಿಗೆ ಅಳದವನೂ ಎರಡರಲ್ಲಿ ಯಾವ ಚಿತ್ರವನ್ನೂ ನೋಡಿಲ್ಲ. ಎದುರಾಳಿಯ ಸೋಲನ್ನು ನೋಡಿ ಬಂದಿದ್ದಾನೆ, ಅಷ್ಟೆ.

ಗುಲಾಬಿಯ ಪಾಡು ಕೊಡಗಿಗೆ ದೂರದ್ದೇನಲ್ಲ. ಎಮ್ಮೆಮಾಡಿನ ಉರೂಸಿಗೆ ಎಲ್ಲ ಜಾತಿಯವರೂ ಬಂದು ಹರಕೆ ಒಪ್ಪಿಸುವ ನಾಡು ಇದು. ಅದೇ ನಾಡಿನ ಮಡಿಕೇರಿಯಲ್ಲಿ 2015ರ ನವೆಂಬರ್ 10ರಂದು, ಟಿಪ್ಪು ಜಯಂತಿಯ ದಿನ, ಗಲಭೆಯಾಗಿ ಸಾವು ಸಂಭವಿಸಿತು. ಆನಂತರದ ದಿನಗಳಲ್ಲಿ ಇಷ್ಟು ವರ್ಷ ಜೊತೆಯಲ್ಲಿ ಕಾಫಿ ಕುಡಿದವರು ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕುಳಿತದ್ದನ್ನು ಕಂಡಿದ್ದೇವೆ. ಅವರನ್ನು ಕಂಡು ನಮ್ಮವರು ಮಾತು ನಿಲ್ಲಿಸಿದ್ದನ್ನೂ ಕಂಡಿದ್ದೇವೆ. ಊರು ಒಡೆಯುವುದು ಹೇಗೆಂದು ತೋರಿಸಿದ ಚಿತ್ರವನ್ನು 'ತುರುಕಿದ್ದು' ಎಂದವರು ಆ ವಾರ ಎಲ್ಲಿದ್ದರು?

ಇನ್ನೊಂದು ವಾದವಿದೆ. ಕಾಸರವಳ್ಳಿ ತನ್ನ ಮನೆಯ ಕೊಳೆಯನ್ನು ತೊಳೆಯಲಿ ಎನ್ನುವ ವಾದ. ಈ ವಾದ ಹೂಡುವವರಿಗೆ 1977ರ 'ಘಟಶ್ರಾದ್ಧ' ಗೊತ್ತಿಲ್ಲ. ಅನಂತಮೂರ್ತಿಯವರ ಕತೆಯಾಧರಿಸಿದ ಆ ಮೊದಲ ಚಿತ್ರದಲ್ಲೇ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವ ಬ್ರಾಹ್ಮಣ ಅಗ್ರಹಾರವನ್ನು ಅವರು ಕಟಕಟೆಗೆ ತಂದರು. ಸ್ವರ್ಣಕಮಲ ಬಂತು. ಅದಕ್ಕೂ ಮೊದಲು, 1970ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'ಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯೊಡ್ಡಿತ್ತು. ತಡೆ ತೆರವಾಯಿತು, ಚಿತ್ರ ಬಂತು, ಅದಕ್ಕೂ ಸ್ವರ್ಣಕಮಲ ಸಿಕ್ಕಿತು. ಬ್ರಾಹ್ಮಣ ಸಮಾಜ ಕುಸಿದು ಬಿತ್ತೇ?

ಈ ಹೋಲಿಕೆಗೂ ಒಂದು ಮಿತಿ ಇದೆ, ಅದನ್ನು ನಾವೇ ಹೇಳಿಬಿಡುತ್ತೇವೆ. 'ಘಟಶ್ರಾದ್ಧ' ನೋಡಿದ ಯಾರೂ ಬ್ರಾಹ್ಮಣನಿಗೆ ಬಾಡಿಗೆ ಮನೆ ನಿರಾಕರಿಸಲಿಲ್ಲ. ನಮ್ಮ ಕತೆ ಹಾಗಲ್ಲ. ನಮ್ಮ ಮೇಲಿನ ಒಂದು ದೂರು ನೂರು ಕೈಗಳಲ್ಲಿ ಕಲ್ಲಾಗುತ್ತದೆ. 2023ರ 'ದಿ ಕೇರಳ ಸ್ಟೋರಿ'ಯ ಟೀಸರ್ 32,000 ಹೆಣ್ಣುಮಕ್ಕಳ ಲೆಕ್ಕ ಹೇಳಿತು. ಪ್ರಶ್ನೆ ಎದ್ದಾಗ ಆ ವಿವರಣೆಯಲ್ಲಿ ಸಂಖ್ಯೆ ಮೂರಕ್ಕೆ ಇಳಿಯಿತು. ಅದೇ ಚಿತ್ರ ಕರ್ನಾಟಕದ ಚುನಾವಣಾ ಪ್ರಚಾರದ ವೇದಿಕೆಯನ್ನೂ ಏರಿತು. ಕೇರಳದ ಗಡಿಗೆ ಅಂಟಿಕೊಂಡ ವಿರಾಜಪೇಟೆಯ ಕಡೆಯ ಮಲಯಾಳ ಮಾತಿನ ಮುಸ್ಲಿಮನಿಗೆ ಅದರ ಬಿಸಿ ಎಷ್ಟೆಂದು ಬೇರೆ ಹೇಳಬೇಕೇ? 2024ರಲ್ಲಿ 'ಹಮಾರೆ ಬಾರಹ್' ಬಂದಾಗ ಮುಸ್ಲಿಂ ಸಂಘಟನೆಗಳು ದೂರಿದವು, ಕರ್ನಾಟಕ ಸರ್ಕಾರ ಎರಡು ವಾರ ತಡೆ ಹಾಕಿತು. ಆದ್ದರಿಂದ ನಮ್ಮ ಹಿರಿಯರ ಭಯ ಸುಳ್ಳಲ್ಲ.

ಆದರೆ ಭಯಪಟ್ಟವನು ಗೆಳೆಯನನ್ನೂ ಕಳ್ಳನನ್ನೂ ಒಂದೇ ದೊಣ್ಣೆಯಲ್ಲಿ ಹೊಡೆಯಬಾರದು. ಎರಡನ್ನೂ ಬೇರ್ಪಡಿಸಲು ನಮ್ಮಲ್ಲಿ ಒಂದು ಸರಳ ಅಳತೆಗೋಲಿದೆ. ಚಿತ್ರ ಮುಗಿದಾಗ ಪ್ರೇಕ್ಷಕನು ಆ ಹೆಣ್ಣಿನ ಕಡೆಗೆ ತಿರುಗುತ್ತಾನೋ, ಆ ಹೆಣ್ಣನ್ನು ಬಿಟ್ಟು ಅವಳ ನೆರೆಹೊರೆಯವರ ಮೇಲೆ ಹಲ್ಲು ಕಡಿಯುತ್ತಾನೋ? ಹಸೀನಾ ನಮ್ಮೊಳಗಿನ ಹೆಣ್ಣು ಬರೆದ ಕತೆಯಿಂದ ಹುಟ್ಟಿದವಳು. ಅವಳಿಗೆ ಹೆಸರಿದೆ, ಹಟವಿದೆ, ವಾದವಿದೆ. ದ್ವೇಷದ ಚಿತ್ರಗಳಲ್ಲಿ ಮುಸ್ಲಿಂ ಹೆಣ್ಣು ಒಂದು ಸಂಖ್ಯೆ ಮಾತ್ರ.

ಹಸೀನಾಳ ದೂರನ್ನು ನಾವು ಕೇಳದೆ ಹೋದುದರ ಬೆಲೆಯನ್ನೂ ಲೆಕ್ಕ ಹಾಕಬೇಕು. ನಮ್ಮ ಜಮಾಅತುಗಳು ಕೂತು ಬಗೆಹರಿಸಬಹುದಾಗಿದ್ದ ಒಂದೇ ಉಸಿರಿನ ಮೂರು ತಲಾಖನ್ನು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. 2019ರಲ್ಲಿ ಗಂಡನನ್ನು ಜೈಲಿಗೆ ಕಳಿಸುವ ಕಾನೂನು ಬಂತು. ಕಾನೂನು ತಂದವರಿಗೆ ನಮ್ಮ ಹೆಣ್ಣುಮಕ್ಕಳ ಮೇಲೆ ಎಷ್ಟು ಪ್ರೀತಿ ಎಂಬುದನ್ನು ನಾವು ಬಲ್ಲೆವು. ಆದರೆ ಅವರು ಒಳಬಂದ ಬಾಗಿಲನ್ನು ತೆರೆದಿಟ್ಟವರು ಯಾರು? ಮಸೀದಿಯ ಮುಂದೆ ಕುಳಿತವಳಿಗೆ ಮುತವಲ್ಲಿ ಕಿವಿಗೊಡದಿದ್ದರೆ ಅವಳು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾಳೆ. ಅದು ಅವಳ ತಪ್ಪಲ್ಲ.

ಬಾನು ಮುಷ್ತಾಕ್ ಅವರನ್ನೇ ನೋಡಿ. ಹೆಂಗಸರಿಗೂ ಮಸೀದಿಯಲ್ಲಿ ನಮಾಜಿಗೆ ಅವಕಾಶವಿರಲಿ ಎಂದದ್ದಕ್ಕೆ 2000ದಲ್ಲಿ ಹಾಸನದ ನಮ್ಮವರೇ ಅವರಿಗೆ ಬಹಿಷ್ಕಾರ ಹಾಕಿದರು. 2025ರಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಮತ್ತೊಂದು ಬಣದವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಅರ್ಜಿ ವಜಾ ಆಯಿತು, ಅವರು ದಸರಾ ಉದ್ಘಾಟಿಸಿದರು. ಎರಡೂ ಬಣಗಳ ಬಾವುಟದ ಬಣ್ಣ ಬೇರೆ, ಹೆಣ್ಣಿನ ಬಾಯಿ ಮುಚ್ಚಿಸುವ ಕೈ ಒಂದೇ. ಅದೇ 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, 'ಕರಿ ನಾಗರಗಳು' ಕತೆಯನ್ನೂ ಒಳಗೊಂಡ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು ಎಂದು ಇಡೀ ಕೊಡಗು ಹೆಮ್ಮೆಪಟ್ಟಿತು. ಸಿನಿಮಾ ಬಂದಾಗ ಸಿಡುಕಿದ್ದವರೂ ಬೂಕರ್ ಬಂದಾಗ ಸಿಹಿ ಹಂಚಿದ್ದನ್ನು ಕಂಡು ನಾವು ನಕ್ಕೆವು. ಕತೆ ಮಾತ್ರ ಅದೇ!

ಕನ್ನಡ ಸಿನಿಮಾದ ಮೇಲೆ ನಮಗೂ ಒಂದು ತಕರಾರಿದೆ. ಗಂಭೀರ ಚಿತ್ರಗಳಲ್ಲಿ ಮುಸ್ಲಿಮರು ಹೆಚ್ಚಾಗಿ ಅಳಲಿಕ್ಕೇ ಯಾಕೆ ಬರಬೇಕು? ಕರಿಮೆಣಸಿನ ವ್ಯಾಪಾರಿ, ಫುಟ್ಬಾಲ್ ಹುಚ್ಚಿನ ಹುಡುಗ, ತೋಟದ ಲೈನ್ ಮನೆಯ ಮಕ್ಕಳಿಗೆ ಪಾಠ ಹೇಳುವ ಟೀಚರ್, ಇವರಿಗೆ ಕತೆ ಇಲ್ಲವೇ? ಕೋವಿ ಮತ್ತು ಕುಡಿತದಲ್ಲೇ ನಮ್ಮನ್ನು ಮುಗಿಸುತ್ತಾರೆ ಎಂದು ಕೊಡವ ಗೆಳೆಯರು ದೂರುವುದೂ ಇದನ್ನೇ. ಆದರೆ ಈ ದೂರಿಗೆ ಉತ್ತರ ಕಾಸರವಳ್ಳಿಯವರ ಕ್ಯಾಮೆರಾ ಮುಚ್ಚಿಸುವುದಲ್ಲ. ನಮ್ಮ ಮಕ್ಕಳ ಕೈಗೆ ಕ್ಯಾಮೆರಾ ಕೊಡುವುದು.

ಅದಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಕೊಡಗಿನ ಯಾವುದಾದರೂ ಊರಿನ ಸಮುದಾಯ ಭವನದಲ್ಲಿ ಒಂದೇ ದಿನ ಎರಡೂ ಚಿತ್ರಗಳನ್ನು ತೋರಿಸೋಣ. ಬೆಳಿಗ್ಗೆ 'ಹಸೀನಾ', ಮಧ್ಯಾಹ್ನ 'ಗುಲಾಬಿ ಟಾಕೀಸ್'. ಜಮಾಅತಿನ ಹಿರಿಯರು ಬರಲಿ, ಕೊಡವ ಗೆಳೆಯರು ಬರಲಿ, ಗೌಡ ಗೆಳೆಯರು ಬರಲಿ, ಮೊದಲ ಸಾಲು ಹೆಂಗಸರಿಗಿರಲಿ. ಒಂದು ಚಿತ್ರ ನೋಡಿ ಇನ್ನೊಂದಕ್ಕೆ ಎದ್ದು ಹೋಗುವಂತಿಲ್ಲ ಎಂಬುದೊಂದೇ ಷರತ್ತು. ಕೊನೆಯಲ್ಲಿ ನಮ್ಮ ಖಾಲಾ ಅಡುಗೆಮನೆಯಿಂದ ಕೇಳಿದ ಪ್ರಶ್ನೆಯನ್ನು ಎಲ್ಲರ ಮುಂದಿಡೋಣ: ಒಳಗಿನವರು ನೋಡಿದಿರಲ್ಲ, ನೀವು ಏನಂದುಕೊಂಡಿರಿ?